ಮೆನಿಂಜೈಟಿಸ್ ಅನುಮಾನ ಬಂದಾಗ ನಾನು ಮಾಡುವುದು

ತುರ್ತು ಚಿಕಿತ್ಸಾ ವಾರ್ಡಿನಲ್ಲಿ ನನ್ನ ಕೆಲಸ. ಜ್ವರ, ತಲೆನೋವು ಅಂತ ಬರುವವರು ದಿನವೂ ಇರುತ್ತಾರೆ. ಅವರಲ್ಲಿ ಮೆನಿಂಜೈಟಿಸ್ ಇರುವವರು ತೀರಾ ಕಡಿಮೆ. ಆದರೆ ಆ ಕೆಲವರ ವಿಷಯದಲ್ಲಿ ದಿನಗಳಲ್ಲ, ಗಂಟೆಗಳು ಮುಖ್ಯ.

ಮೆದುಳು ಮತ್ತು ಬೆನ್ನುಹುರಿಯ ಸುತ್ತ ಮೂರು ಪೊರೆಗಳಿವೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರಿನಂಥ ದ್ರವ ಹರಿಯುತ್ತಿರುತ್ತದೆ. ದೊಡ್ಡವರಲ್ಲಿ ಇದು ಸುಮಾರು 150 ಮಿ.ಲೀ. ಈ ಪೊರೆಗಳಿಗೆ ಉರಿಯೂತ ಬಂದರೆ ಅದೇ ಮೆನಿಂಜೈಟಿಸ್. ವೈರಸ್, ಬ್ಯಾಕ್ಟೀರಿಯಾ, ಕ್ಷಯ, ಫಂಗಸ್ ಯಾವುದರಿಂದಲೂ ಬರಬಹುದು. ವೈರಸ್‌ನಿಂದ ಬಂದದ್ದು ಹೆಚ್ಚಾಗಿ ತಾನೇ ವಾಸಿಯಾಗುತ್ತದೆ. ನನಗೆ ಭಯವಿರುವುದು ಬ್ಯಾಕ್ಟೀರಿಯಾದ್ದೇ.

ನ್ಯೂಮೋಕಾಕಸ್, ಮೆನಿಂಗೋಕಾಕಸ್‌ನಂಥ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗು, ಗಂಟಲಲ್ಲಿ ಸುಮ್ನೆ ಇರುತ್ತವೆ. ಅಪರೂಪಕ್ಕೆ ರಕ್ತಕ್ಕೆ ಇಳಿದು, ಅಲ್ಲಿಂದ ಈ ದ್ರವದೊಳಕ್ಕೆ ನುಸುಳುತ್ತವೆ. ರಕ್ತದಲ್ಲಿರುವಷ್ಟು ರಕ್ಷಣೆ ಅಲ್ಲಿಲ್ಲ, ಹಾಗಾಗಿ ಬೇಗಬೇಗ ಹೆಚ್ಚುತ್ತವೆ. ಆಮೇಲೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ರಕ್ತನಾಳಗಳು ಸೋರುತ್ತವೆ, ಮೆದುಳು ಊದಿಕೊಳ್ಳುತ್ತದೆ. ತಲೆಬುರುಡೆ ಗಟ್ಟಿ ಮೂಳೆ, ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ತಡೆಯಲಾಗದ ತಲೆನೋವು, ವಾಂತಿ, ಮಂಪರು, ಫಿಟ್ಸ್ ಬರುವುದು ಹೀಗೆ. ಹಾನಿಯ ದೊಡ್ಡ ಪಾಲು ಬ್ಯಾಕ್ಟೀರಿಯಾ ನೇರವಾಗಿ ಮಾಡಿದ್ದಲ್ಲ, ಅವುಗಳ ವಿರುದ್ಧ ದೇಹ ಎಬ್ಬಿಸಿದ ಉರಿಯೂತದಿಂದ ಆಗುವಂಥದ್ದು. ನನ್ನ ಚಿಕಿತ್ಸೆಯ ಕ್ರಮವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ.

ಕತ್ತು ಬಿಗಿಯಾಗಿಲ್ಲ ಅಂದಮಾತ್ರಕ್ಕೆ ನಾನು ಅನುಮಾನ ಬಿಡುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಆದ ವಯಸ್ಕರ ಬಗ್ಗೆ ನಡೆದ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಜ್ವರ, ಕತ್ತು ಬಿಗಿತ, ಎಚ್ಚರದಲ್ಲಿ ಏರುಪೇರು ಈ ಮೂರೂ ಒಟ್ಟಿಗೆ ಕಂಡದ್ದು ಶೇ. 44ರಷ್ಟು ಪ್ರಕರಣಗಳಲ್ಲಿ ಮಾತ್ರ. ತಲೆನೋವನ್ನೂ ಸೇರಿಸಿ ನಾಲ್ಕರಲ್ಲಿ ಎರಡಾದರೂ ಇದ್ದದ್ದು ಶೇ. 95ರಲ್ಲಿ. ನಾನು ಈ ಎರಡನೇ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಹಸುಗೂಸುಗಳಲ್ಲಂತೂ ಕತ್ತಿನಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಮಗು ಹಾಲು ಬಿಟ್ಟಿದೆಯಾ, ಕೀರಲು ದನಿಯಲ್ಲಿ ಅಳುತ್ತಿದೆಯಾ, ನೆತ್ತಿ ಉಬ್ಬಿದೆಯಾ ನೋಡುತ್ತೇನೆ. "ಮಗು ಎಂದಿನ ಹಾಗಿಲ್ಲ" ಅಂತ ತಾಯಿ ಹೇಳಿದರೆ ಆ ಮಾತಿಗೆ ತುಂಬಾ ಬೆಲೆ ಕೊಡುತ್ತೇನೆ. ಚರ್ಮದ ಮೇಲೆ ಕೆಂಪು, ನೇರಳೆ ಚುಕ್ಕೆಗಳಿದ್ದು, ಗಾಜಿನ ಲೋಟ ಒತ್ತಿದರೂ ಬಣ್ಣ ಮಾಯವಾಗದಿದ್ದರೆ ಒಂದು ನಿಮಿಷವೂ ಕಾಯುವುದಿಲ್ಲ. ಅದು ಮೆನಿಂಗೋಕಾಕಸ್ ರಕ್ತದಲ್ಲಿ ಹರಡಿರುವ ಗುರುತಾಗಿರಬಹುದು.

ಅನುಮಾನ ಗಟ್ಟಿಯಾದರೆ ಮೊದಲು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯಾ ಅಂತ ನೋಡುವ ಪರೀಕ್ಷೆ. ನಂತರ ಪರೀಕ್ಷೆಗೆ ಬೆನ್ನಿನಿಂದ ನೀರು, ಅಂದರೆ ಆ ಪೊರೆಗಳ ನಡುವಿನ ದ್ರವ, ತೆಗೆಯುವುದು. ಮನೆಯವರು ಹೆದರುವುದು ಇಲ್ಲಿಯೇ. "ಡಾಕ್ಟ್ರೇ, ಕಾಲು ಬಿದ್ದುಹೋಗುತ್ತಂತೆ, ಬೇಡ ಬಿಡಿ" ಅನ್ನುತ್ತಾರೆ. ನಾನು ಅವಸರವಿದ್ದರೂ ಅವರ ಪಕ್ಕ ಕೂತು ನನ್ನ ಬೆನ್ನನ್ನೇ ಮುಟ್ಟಿ ತೋರಿಸುತ್ತೇನೆ. "ನೋಡಿಮ್ಮಾ, ಬೆನ್ನುಹುರಿ ಇಲ್ಲಿಗೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ನೀರಲ್ಲಿ ತೇಲುವ ನರಗಳ ಎಳೆಗಳು ಮಾತ್ರ ಇರುತ್ತವೆ." ಕೆಲವರಿಗೆ ಆಮೇಲೆ ಒಂದಷ್ಟು ದಿನ ತಲೆನೋವು ಬರಬಹುದು ಅಂತಲೂ ಹೇಳುತ್ತೇನೆ. ತೆಗೆಯುವುದು ಕೆಲವೇ ಮಿ.ಲೀ. ದೇಹ ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಿಸುತ್ತದೆ. ಇಷ್ಟು ಬಿಡಿಸಿ ಹೇಳಿದರೆ ಒಪ್ಪುವವರೇ ಜಾಸ್ತಿ.

ರೋಗಿ ಮಗ್ಗುಲಾಗಿ ಮಲಗಿ ಮೊಣಕಾಲನ್ನು ಎದೆಗೆ ತಂದುಕೊಳ್ಳಬೇಕು. ಅರ್ಧ ಕೆಲಸ ಇದರಲ್ಲೇ ಇದೆ. ಬೆನ್ನು ಸರಿಯಾಗಿ ಬಾಗಿದರೆ ಮೂಳೆಗಳ ಸಂದು ತೆರೆದುಕೊಳ್ಳುತ್ತದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಿಧಾನವಾಗಿ ಸೂಜಿ ತಳ್ಳುತ್ತೇನೆ. ಪೊರೆ ದಾಟಿದಾಗ ಬೆರಳಿಗೆ ಸಣ್ಣ ಸಡಿಲಿಕೆ ತಿಳಿಯುತ್ತದೆ. ಹನಿಗಳು ತಿಳಿಯಾಗಿದ್ದರೆ ಸ್ವಲ್ಪ ಸಮಾಧಾನ, ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ. ಲ್ಯಾಬ್ ವರದಿಯಲ್ಲಿ ಮೊದಲು ನೋಡುವುದು ಗ್ಲೂಕೋಸ್. ಸಾಮಾನ್ಯವಾಗಿ ಅದು ರಕ್ತದಲ್ಲಿರುವುದರ ಮೂರನೇ ಎರಡು ಭಾಗದಷ್ಟು ಇರುತ್ತದೆ. ತೀರಾ ಇಳಿದಿದ್ದು, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತುಂಬಿದ್ದರೆ ಬ್ಯಾಕ್ಟೀರಿಯಾ. ಇಳಿದಿದ್ದು, ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಹೆಚ್ಚಿದ್ದು, ವಾರಗಟ್ಟಲೆ ಜ್ವರದ ಕಥೆ ಇದ್ದರೆ ಕ್ಷಯದ ಕಡೆ ಯೋಚನೆ ಹೋಗುತ್ತದೆ. ವೈರಸ್ ಆದರೆ ಗ್ಲೂಕೋಸ್ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ.

ಎಚ್ಚರ ತುಂಬಾ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ ಬೆನ್ನಿನ ನೀರು ತೆಗೆಯುವ ಮೊದಲು ತಲೆಯ ಸ್ಕ್ಯಾನ್ ಬೇಕಾಗುತ್ತದೆ. ಆಗ ಆಂಟಿಬಯಾಟಿಕ್ ಕೊಟ್ಟೇ ಸ್ಕ್ಯಾನಿಗೆ ಕಳಿಸುತ್ತೇನೆ. ಮೊದಲೇ ಔಷಧಿ ಕೊಟ್ಟರೆ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ನಿಜ. ಆದರೂ ಕಣಗಳು, ಗ್ಲೂಕೋಸ್, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಕಳೆದ ಸಮಯ ಮಾತ್ರ ವಾಪಸ್ ಸಿಗುವುದಿಲ್ಲ, ಅಲ್ವಾ?

ಆಂಟಿಬಯಾಟಿಕ್‌ನ ಮೊದಲ ಡೋಸ್‌ಗಿಂತ ತುಸು ಮುಂಚೆ ಅಥವಾ ಅದರ ಜೊತೆಗೇ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತೇನೆ. ಔಷಧಿಗೆ ಬ್ಯಾಕ್ಟೀರಿಯಾ ಒಡೆದಾಗ ಅವುಗಳ ಚೂರುಗಳು ಚೆಲ್ಲಿ ಉರಿಯೂತ ಇನ್ನಷ್ಟು ಏರುತ್ತದೆ. ಅದನ್ನು ತಗ್ಗಿಸಲು ಇದು. ನವಜಾತ ಶಿಶುಗಳಿಗೆ ಮಾತ್ರ ಇದನ್ನು ಕೊಡುವುದಿಲ್ಲ. ಮೆನಿಂಗೋಕಾಕಸ್ ಅಂತ ಗೊತ್ತಾದರೆ ಮನೆಯವರಿಗೂ, ಹತ್ತಿರದ ಒಡನಾಟದವರಿಗೂ ತಡೆಗಟ್ಟುವ ಆಂಟಿಬಯಾಟಿಕ್ ಕೊಡುತ್ತೇವೆ.

ಜ್ವರ ಬಿಟ್ಟು, ರೋಗಿ ಎದ್ದು ಕೂತ ಮೇಲೆ ಎಲ್ಲರಿಗೂ ಮನೆಗೆ ಹೋಗುವ ಆತುರ. ಆಗ ನಾನು ಹಟ ಹಿಡಿದು ಬರೆಸುವುದು ಕಿವಿಯ ಪರೀಕ್ಷೆ. ಉರಿಯೂತ ಒಳಕಿವಿಗೂ ಹರಡುತ್ತದೆ. ಚಿಕ್ಕ ಮಗು ಕೇಳಿಸುವುದಿಲ್ಲ ಅಂತ ಹೇಳಲಾರದು, ಮಾತು ಕಲಿಯುವುದು ತಡವಾದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸುವಂತೆ ಮಾಡಲು ಒಳಕಿವಿಯಲ್ಲಿ ಕೂರಿಸುವ ಸಾಧನ) ಬೇಕಾದವರಿಗೆ ತಡವಾದರೆ ಒಳಕಿವಿಯಲ್ಲಿ ಮೂಳೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಕಷ್ಟವಾಗಬಹುದು. ಅದಕ್ಕೇ ಡಿಸ್ಚಾರ್ಜ್‌ಗೆ ಮುಂಚೆಯೇ, ಆಗದಿದ್ದರೆ 4 ವಾರದೊಳಗೆ, ಪರೀಕ್ಷೆಯ ದಿನ ಗೊತ್ತುಮಾಡಿ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ.