ಬ್ರೇಕಿನಲ್ಲಿ ಸುಟ್ಟುಹೋಗುವ ಪೆಟ್ರೋಲ್: ಸಣ್ಣ ಕಾರಿನ ಮೈಲೇಜ್ ಹೆಚ್ಚಿಸಿಕೊಂಡ ಬಗೆ

ಕಾರು ಒಂದು ಲೀಟರ್ ಎಂಜಿನ್ನಿನ, ಐದು ಗೇರಿನ ಪೆಟ್ರೋಲ್ ವ್ಯಾಗನ್‌ಆರ್. ಓಡಾಟ ಹೆಚ್ಚಾಗಿ ಬೆಂಗಳೂರಿನ ಒಳಗೇ, ಆಗಾಗ ಘಟ್ಟ ಇಳಿದು ಮಂಗಳೂರಿಗೆ. ಊರೊಳಗೆ ಲೀಟರಿಗೆ 13ರ ಆಸುಪಾಸಿನಲ್ಲಿದ್ದ ಮೈಲೇಜ್ ಈಗ 16–17ಕ್ಕೆ ನಿಂತಿದೆ. ಎಂಜಿನ್ ಬಿಚ್ಚಿಸಲಿಲ್ಲ, ಟ್ಯಾಂಕಿಗೆ ಯಾವ ಔಷಧಿಯನ್ನೂ ಸುರಿಯಲಿಲ್ಲ. ಹೆಚ್ಚಿನ ಪಾಲು ಸಿಕ್ಕಿದ್ದು ಬ್ರೇಕ್ ತುಳಿಯುವುದನ್ನು ಕಡಿಮೆ ಮಾಡಿದ್ದರಿಂದ. ಉಳಿದದ್ದು ಟೈರಿನ ಗಾಳಿಯಿಂದ ಮತ್ತು ಬಿಗಿ ಹಿಡಿದಿದ್ದ ಒಂದು ಚಕ್ರವನ್ನು ಸರಿಪಡಿಸಿದ್ದರಿಂದ.

ಮೊದಲು ಅಳತೆ ಸರಿಯಾಗಬೇಕು. ಇನ್ನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿ, ಮುಳ್ಳು ಇಳಿದದ್ದನ್ನು ನೋಡಿ ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ. ಫುಲ್ ಟ್ಯಾಂಕ್ ಮಾಡಿಸಿ, ನಳಿಕೆ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಬಂಕಿನ ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ಒತ್ತಿದರೆ ಅರ್ಧ ಲೀಟರಿನಷ್ಟು ವ್ಯತ್ಯಾಸ ಬಂದುಬಿಡುತ್ತದೆ, ಆದ್ದರಿಂದ ‘ಕಟ್ ಆದ ಮೇಲೆ ಬೇಡ’ ಎಂದು ಮೊದಲೇ ಹೇಳಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿಕೊಳ್ಳಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿದರೆ ಅದೇ ಮೈಲೇಜ್. ಒಂದು ಟ್ಯಾಂಕಿನ ಲೆಕ್ಕವನ್ನು ನಂಬಬೇಡಿ, ಮೂರು ನಾಲ್ಕು ಟ್ಯಾಂಕಿನ ಸರಾಸರಿ ತೆಗೆಯಿರಿ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ಇರುತ್ತದೆ. ಇವತ್ತಿಗೂ ನಿನ್ನೆಗೂ ಹೋಲಿಸಲು ಅದು ಸಾಕು, ಲೆಕ್ಕದ ಪುಸ್ತಕಕ್ಕೆ ಸಾಲದು. ಒಮ್ಮೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ 10 ಕಿ.ಮೀ. ಹೋಲಿಸಿ ನಿಮ್ಮ ಮೀಟರನ್ನೂ ನೋಡಿಕೊಳ್ಳಿ. ಟೈರ್ ಸವೆದಿದ್ದರೆ ಸುತ್ತಳತೆ ಕಡಿಮೆಯಾಗಿ ಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ.

ಇನ್ನು ಬ್ರೇಕಿನ ವಿಷಯ. ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆಯೇ ನನ್ನ ಕಾಲು ಬದಲಾಯಿತು. ಕಾರು, ಒಳಗಿನ ಇಬ್ಬರು ಎಲ್ಲ ಸೇರಿ ಸುಮಾರು 1,000 ಕೆ.ಜಿ. ಅದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿರುವ ಚಲನಶಕ್ತಿ ಹತ್ತಿರ ಹತ್ತಿರ 139 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇದ್ದರೂ ಊರೊಳಗೆ ಚಕ್ರಕ್ಕೆ ತಲುಪುವುದು ಅದರ ಐದನೇ ಒಂದು ಭಾಗ ಎಂದಿಟ್ಟುಕೊಳ್ಳಿ, ಅಂದರೆ 6,400. ಹಾಗಾದರೆ ನಿಂತ ಕಾರನ್ನು 60ಕ್ಕೆ ಏರಿಸಲು ವೇಗಕ್ಕೆಂದೇ 22 ಮಿ.ಲೀ. ಪೆಟ್ರೋಲ್ ಬೇಕು. ರಸ್ತೆಯ ತಡೆ, ಗಾಳಿಯ ತಡೆಯ ಖರ್ಚು ಬೇರೆ. ಸಿಗ್ನಲಿನ ಮುಂದೆ ಬ್ರೇಕ್ ತುಳಿದು ನಿಲ್ಲಿಸಿದಿರೋ, ಆ 22 ಮಿ.ಲೀ. ಅಷ್ಟೂ ಡಿಸ್ಕಿನ ಬಿಸಿಯಾಗಿ ಹೋಯಿತು. ಇಂಥ 45 ನಿಲುಗಡೆಗೆ ಒಂದು ಲೀಟರ್ ಖಾಲಿ. 40ರ ವೇಗದಿಂದ ನಿಲ್ಲಿಸಿದರೆ ಪೋಲಾಗುವುದು 10 ಮಿ.ಲೀ. ಮಾತ್ರ, ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡು ಸಿಗ್ನಲ್‌ಗಳ ನಡುವಿನ 400 ಮೀಟರಿನಲ್ಲಿ 60 ಮುಟ್ಟಿದವನೂ 40ರಲ್ಲಿ ಬಂದವನೂ ಅದೇ ಕೆಂಪು ದೀಪದ ಮುಂದೆ ಅಕ್ಕಪಕ್ಕ ನಿಲ್ಲುತ್ತಾರೆ, ಒಬ್ಬ ಇನ್ನೊಬ್ಬನ ಎರಡರಷ್ಟು ಸುಟ್ಟಿರುತ್ತಾನೆ.

ಹಾಗಾಗಿ ಕಣ್ಣು ಮುಂದಿನ ಕಾರಿನ ಬಂಪರಿನ ಮೇಲಲ್ಲ, ಅದರಾಚೆಗಿನ ಮೂರು ನಾಲ್ಕು ಗಾಡಿಗಳ ಮೇಲಿರಬೇಕು. ದೂರದಲ್ಲಿ ಬ್ರೇಕ್ ಲೈಟ್ ಹೊತ್ತಿದ್ದು ಕಂಡರೆ, ಸಿಗ್ನಲ್ ಕೆಂಪಾದರೆ, ಹಂಪಿನ ಬಿಳಿ ಪಟ್ಟೆ ಕಂಡರೆ ಆಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರ್ ಹಾಗೇ ಇರಲಿ. ನನ್ನ ಕಾರು ಟಾಪ್ ಗೇರಿನಲ್ಲಿ 60ರಿಂದ 30ಕ್ಕೆ ಇಳಿಯಲು ಸಮತಟ್ಟು ರಸ್ತೆಯಲ್ಲಿ ಸುಮಾರು 200 ಮೀಟರ್ ತೆಗೆದುಕೊಳ್ಳುತ್ತದೆ. ಆ 200 ಮೀಟರ್ ಹೆಚ್ಚುಕಡಿಮೆ ಪುಕ್ಕಟೆ. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಗೇರಿನಲ್ಲಿದ್ದು ಕಾಲು ಪೂರ್ತಿ ತೆಗೆದಾಗ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಐಡ್ಲಿಂಗ್‌ಗಿಂತ (ನಿಂತಲ್ಲೇ ಸುಮ್ಮನೆ ಓಡುವಾಗಿನದ್ದಕ್ಕಿಂತ) ಸ್ವಲ್ಪ ಮೇಲಿನ ಮಟ್ಟಕ್ಕೆ ಇಳಿದಾಗ ಮತ್ತೆ ಪೆಟ್ರೋಲ್ ಶುರುವಾಗುತ್ತದೆ, ಆಗ ಕೆಳಗಿನ ಗೇರಿಗೆ ಬನ್ನಿ. ನ್ಯೂಟ್ರಲ್‌ಗೆ ಹಾಕಿ ಉರುಳಿಸುವವರಿಗೆ ಈ ಲಾಭ ಸಿಗುವುದಿಲ್ಲ. ನ್ಯೂಟ್ರಲಿನಲ್ಲಿ ಎಂಜಿನ್ ತನ್ನ ಜೀವ ಉಳಿಸಿಕೊಳ್ಳಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಎಂಜಿನ್ ಬ್ರೇಕಿಂಗೂ ಇರುವುದಿಲ್ಲ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ ಅದು, ಬಿಟ್ಟುಬಿಡಿ. ಓಡುವಾಗ ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದಂತೂ ಕೂಡದೇ ಕೂಡದು: ಪೆಡಲ್ ತುಳಿತವನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಲಾಕೂ ಆಗಬಹುದು.

ಸಿಗ್ನಲ್ ಹಸಿರಾಗುವ ಹೊತ್ತಿಗೆ 15–20ರ ವೇಗದಲ್ಲಿ ಉರುಳುತ್ತಾ ತಲುಪುವುದು ನನ್ನ ದಿನನಿತ್ಯದ ಗುರಿ. ಪೂರ್ತಿ ನಿಂತು ಹೊರಡುವುದಕ್ಕೂ ಸೆಕೆಂಡ್ ಗೇರಿನಲ್ಲೇ ಮುಂದುವರಿಯುವುದಕ್ಕೂ ಬಹಳ ಅಂತರವಿದೆ. ಹಿಂದಿನವನು ಹಾರ್ನ್ ಹೊಡೆಯಬಹುದು, ಹೊಡೆಯಲಿ. ಆದರೆ ಮುಂದೆ ಅರ್ಧ ರಸ್ತೆ ಖಾಲಿ ಬಿಟ್ಟು ಬಲ ಲೇನಿನಲ್ಲಿ ತೆವಳಬೇಡಿ, ಎಡಕ್ಕೆ ಬನ್ನಿ.

ನಿಂತಾಗಿನ ಖರ್ಚು: ಇಂಥ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಗಂಟೆಗೆ 600–700 ಮಿ.ಲೀ., ಅಂದರೆ ನಿಮಿಷಕ್ಕೆ 10–12 ಮಿ.ಲೀ. ಎಸಿ ಹಾಕಿದ್ದರೆ ಇನ್ನೂ ಹೆಚ್ಚು. ಸಿಗ್ನಲಿನ ಟೈಮರ್ 30 ಸೆಕೆಂಡಿಗಿಂತ ಹೆಚ್ಚು ತೋರಿಸುತ್ತಿದ್ದರೆ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಆಫ್ ಮಾಡುತ್ತೇನೆ. ಹತ್ತು ಸೆಕೆಂಡಿನಲ್ಲೇ ಪೆಟ್ರೋಲಿನ ಲೆಕ್ಕ ಸಮವಾಗುತ್ತದೆ, ಉಳಿದ ಇಪ್ಪತ್ತು ಸ್ಟಾರ್ಟರ್ ಮತ್ತು ಬ್ಯಾಟರಿಯ ಮೇಲಿನ ದಯೆ. ಬ್ಯಾಟರಿ ಹಳತಾಗಿದ್ದರೆ ಇದನ್ನು ಮಾಡಬೇಡಿ.

ಗೇರ್ ಬದಲಿಸುವಲ್ಲಿ ಎರಡು ಕಡೆಯೂ ತಪ್ಪು ನಡೆಯುತ್ತದೆ. ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತುತ್ತಾ ಸೆಕೆಂಡ್ ಗೇರಿನಲ್ಲೇ ಅರ್ಧ ಕಿಲೋಮೀಟರ್ ಹೋಗುವುದರಿಂದ ಉಳಿತಾಯವಿಲ್ಲ. ಪೆಡಲನ್ನು ಅರ್ಧದಷ್ಟು ಧೈರ್ಯವಾಗಿ ಒತ್ತಿ, 2,000–2,500 ಆರ್‌ಪಿಎಂನಲ್ಲಿ ಮೇಲಿನ ಗೇರಿಗೆ ಹೋಗಿ, 50–55ಕ್ಕೆ ಟಾಪ್ ಗೇರ್. ಥ್ರಾಟಲ್ ಹೆಚ್ಚು ತೆರೆದು ಆರ್‌ಪಿಎಂ ಕಡಿಮೆ ಇದ್ದಾಗ ಗಾಳಿ ಎಳೆಯಲು ಎಂಜಿನ್ ಪಡುವ ಕಷ್ಟ ಕಡಿಮೆ. ಹಾಗಂತ 30ರಲ್ಲಿ ಟಾಪ್ ಗೇರ್ ಹಾಕಿ ತುಳಿದರೆ ಮೂರು ಸಿಲಿಂಡರಿನ ಎಂಜಿನ್ ಮೈ ನಡುಗಿಸಿ ಹೇಳುತ್ತದೆ, ಸ್ಟಿಯರಿಂಗಿನಲ್ಲೇ ಆ ಅದುರು ಕೈಗೆ ಸಿಗುತ್ತದೆ. ಆಗ ಒಂದು ಗೇರ್ ಇಳಿಸಲೇಬೇಕು. ಎಡಗಾಲು ಕ್ಲಚ್ ಮೇಲೆ ಇಟ್ಟುಕೊಂಡು ಓಡಿಸುವ ರೂಢಿ ಇದ್ದರೆ ಪೆಟ್ರೋಲಿನ ಜೊತೆ ಕ್ಲಚ್ ಪ್ಲೇಟೂ ಹೋಗುತ್ತದೆ.

ಹೆದ್ದಾರಿಯಲ್ಲಿ ಆಟ ಬೇರೆ. ಅಲ್ಲಿ ಬ್ರೇಕಿಗಿಂತ ಗಾಳಿ ದೊಡ್ಡ ಶತ್ರು. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ 56 ಶೇಕಡಾ ಹೆಚ್ಚುತ್ತದೆ. ವ್ಯಾಗನ್‌ಆರ್‌ನಂಥ ಎತ್ತರದ ಡಬ್ಬಿ ಆಕಾರದ ಕಾರಿಗೆ ಇದು ಇನ್ನೂ ನೋವು. 75–80ರಲ್ಲಿ ಸಿಗುವ ಮೈಲೇಜ್ 100ರಲ್ಲಿ ಕನಸು. ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಟೈರಿನ ಗಾಳಿಯ ಪ್ರಮಾಣ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿದೆ, ಟೈರಿನ ಮೈಮೇಲಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು. ಬೆಳಿಗ್ಗೆ ಕಾರು ತಣ್ಣಗಿರುವಾಗ ನೋಡಬೇಕು. ಹತ್ತು ಕಿ.ಮೀ. ಓಡಿದ ಟೈರ್ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಬಂಕಿನವನು ‘ಸರಿ ಇದೆ ಸಾರ್’ ಎನ್ನುತ್ತಾನೆ, ನಿಜದಲ್ಲಿ ಕಡಿಮೆಯಿರುತ್ತದೆ. ಒಂದು ಗೇಜ್ ಸ್ವಂತಕ್ಕೆ ಕೊಂಡುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ನಾಲ್ಕೂ ಚಕ್ರ ನೋಡಿ. ಒಂದೇ ಚಕ್ರ ಪದೇಪದೇ ಇಳಿಯುತ್ತಿದ್ದರೆ ಸೋಪಿನ ನೀರನ್ನು ವಾಲ್ವಿನ ಬಾಯಿಗೂ ರಿಮ್ಮಿನ ಅಂಚಿಗೂ ಹಚ್ಚಿ, ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಹೆಚ್ಚಾಗಿ ವಾಲ್ವ್ ಪಿನ್ನಿನ ಕೆಲಸ, ಪಂಕ್ಚರ್ ಅಂಗಡಿಯಲ್ಲಿ ಎರಡು ನಿಮಿಷ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಿಲ್ಲ, ಸಾಮಾನ್ಯ ಗಾಳಿಯಲ್ಲೇ 78 ಶೇಕಡಾ ಅದೇ ಇದೆ.

ಬಿಗಿ ಹಿಡಿದ ಬ್ರೇಕನ್ನು ಬಹಳ ಜನ ಗಮನಿಸುವುದೇ ಇಲ್ಲ, ಕಾರು ಓಡುತ್ತದಲ್ಲ! ಪರೀಕ್ಷೆ ಹೀಗೆ: ಖಾಲಿ ರಸ್ತೆಯಲ್ಲಿ ಐದಾರು ಕಿ.ಮೀ. ಆದಷ್ಟೂ ಬ್ರೇಕ್ ತುಳಿಯದೆ ಓಡಿಸಿ, ನಿಧಾನಕ್ಕೆ ತಾನಾಗಿ ನಿಲ್ಲುವಂತೆ ನಿಲ್ಲಿಸಿ. ಇಳಿದು ಅಂಗೈಯನ್ನು ಒಂದೊಂದೇ ರಿಮ್ಮಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಮುಂದಿನವು ಹಿಂದಿನವಕ್ಕಿಂತ ಬೆಚ್ಚಗಿರುವುದು ಸಹಜ, ನೋಡಬೇಕಾದದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ. ಒಂದು ಚಕ್ರ ಮಾತ್ರ ಬಿಸಿ ಉಗುಳುತ್ತಿದ್ದರೆ ಅದೇ ಕಳ್ಳ. ಸಮತಟ್ಟು ನೆಲದಲ್ಲಿ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಆ ಚಕ್ರವನ್ನು ಜಾಕ್ ಏರಿಸಿ ಕೈಯಿಂದ ತಿರುಗಿಸಿ. ಪ್ಯಾಡ್ ಸವರುವ ಸಣ್ಣ ‘ಸ್ಸ್’ ಸದ್ದು ಪರವಾಗಿಲ್ಲ. ಅರ್ಧ ಸುತ್ತಿಗೇ ಗಕ್ಕನೆ ನಿಂತರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಎರಡು ಪಿನ್ನುಗಳು ಹೆಚ್ಚಾಗಿ ಒಣಗಿರುತ್ತವೆ. ನನ್ನ ಕಾರಿನಲ್ಲಿ ಮುಂದಿನ ಎಡ ಚಕ್ರದ ಕೆಳ ಪಿನ್ನಿನ ರಬ್ಬರ್ ಟೋಪಿ ಹರಿದು ಒಳಗೆ ನೀರು ಹೋಗಿತ್ತು. ಪಿನ್ ಹೊರಬಂದಾಗ ಒಂದು ಬದಿ ಕಂದು ತುಕ್ಕು, ಇನ್ನೊಂದು ಬದಿ ಹೊಳೆಯುತ್ತಿತ್ತು. ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಬ್ರೇಕ್ ಕ್ಲೀನರಿನಲ್ಲಿ ತೊಳೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ಹೊಸ ರಬ್ಬರ್ ಹಾಕಿದರೆ ಮುಗಿಯಿತು. ಬೇರಿಂಗಿನ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಹಿಡಿದುಕೊಳ್ಳುತ್ತದೆ, ಗ್ಯಾರೇಜಿನಲ್ಲಿ ಮಾಡಿಸುವವರು ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಪಿಸ್ಟನ್ನೇ ಸಿಕ್ಕಿಹಾಕಿಕೊಂಡಿದ್ದರೆ ಮನೆಯಲ್ಲಿ ಕೈಹಾಕಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಒದ್ದೆ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದು.

ಎಂಜಿನ್ ಕಡೆ ಒಂದೇ ಒಂದು ಗುಮಾನಿ ಇಟ್ಟುಕೊಳ್ಳಿ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯೇರುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಅದು ತೆರೆದೇ ಉಳಿದರೆ ಎಂಜಿನ್ ಬಿಸಿಯೇರುವುದಿಲ್ಲ, ಕಂಪ್ಯೂಟರ್ ‘ಇನ್ನೂ ತಣ್ಣಗಿದೆ’ ಎಂದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕುವ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಇದ್ದರೆ ಮೊಬೈಲಿನಲ್ಲೇ ಕೂಲಂಟ್ ಉಷ್ಣತೆ ಕಾಣುತ್ತದೆ. ಹತ್ತು ಕಿ.ಮೀ. ಓಡಿದ ಮೇಲೂ 70 ಡಿಗ್ರಿ ದಾಟದಿದ್ದರೆ ಬದಲಿಸಿ. ಏರ್ ಫಿಲ್ಟರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಇಂಜೆಕ್ಷನ್ ಕಾರಿನಲ್ಲಿ ಧೂಳು ತುಂಬಿದ ಫಿಲ್ಟರ್ ಪಿಕಪ್ ತಗ್ಗಿಸುತ್ತದೆಯೇ ಹೊರತು ಮೈಲೇಜನ್ನು ಅಷ್ಟಾಗಿ ಅಲ್ಲ. ಆಯಿಲ್ ಮ್ಯಾನ್ಯುಯಲ್ ಹೇಳಿದ ದರ್ಜೆಯದ್ದೇ ಇರಲಿ, ದಪ್ಪ ಆಯಿಲ್ ಸುರಿಯಲು ಬಿಡಬೇಡಿ. ಬೆಳಿಗ್ಗೆ ನಿಂತಲ್ಲೇ ಐದು ನಿಮಿಷ ಬಿಸಿ ಮಾಡುವುದು ಬೇಡ. ಅರ್ಧ ನಿಮಿಷ ಸಾಕು, ಮೊದಲ ಮೂರು ಕಿ.ಮೀ. ಮೆತ್ತಗೆ ಓಡಿಸಿ. ಹಾಲಿಗೆ, ತರಕಾರಿಗೆ ಒಂದೊಂದು ಸಲ ಒಂದೂವರೆ ಕಿ.ಮೀ. ಕಾರು ತೆಗೆದರೆ ಎಂಜಿನ್ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿಯುತ್ತದೆ. ಮೈಲೇಜ್ ಅತಿ ಕೆಟ್ಟದಾಗಿರುವುದು ಅಲ್ಲೇ.

ಎಸಿಯ ತಿರುಗುಣಿಯನ್ನು ನೀಲಿಯಿಂದ ಕೆಂಪಿನ ಕಡೆಗೆ ತಿರುಗಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮ್ಯಾನ್ಯುಯಲ್ ಎಸಿಯಲ್ಲಿ ಅದು ತಂಪು ಗಾಳಿಗೆ ಹೀಟರಿನ ಬಿಸಿ ಬೆರೆಸುತ್ತದೆ ಅಷ್ಟೇ, ಕಂಪ್ರೆಸರ್ ಮೊದಲಿನಂತೆಯೇ ದುಡಿಯುತ್ತದೆ. ಕಿಟಕಿ ತೆರೆದು ಒಳಗಿನ ಬಿಸಿ ಹೊರಹಾಕಿ, ಆಮೇಲೆ ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುವ ರಿಸರ್ಕ್ಯುಲೇಷನ್ ಹಾಕಿ, ಫ್ಯಾನನ್ನು ಒಂದು ಎರಡಕ್ಕೆ ಇಳಿಸಿ. ಕಾಯಿಲ್ ಬೇಗ ತಣ್ಣಗಾಗಿ ಕಂಪ್ರೆಸರ್ ಪದೇಪದೇ ಕಟ್ ಆಗುತ್ತದೆ.

ಇತ್ತೀಚೆಗೆ ಮೈಲೇಜ್ ಏಕಾಏಕಿ ಇಳಿದಂತೆ ಕಂಡರೆ ಕಾರನ್ನು ಬೈಯುವ ಮೊದಲು ಪೆಟ್ರೋಲನ್ನೂ ನೆನೆಯಿರಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ 6–7 ಶೇಕಡಾ, ಹಿಂದಿನ 10 ಶೇಕಡಾ ಮಿಶ್ರಣಕ್ಕೆ ಹೋಲಿಸಿದರೆ ಅದರ ಅರ್ಧದಷ್ಟು ಶಕ್ತಿ ಕಡಿಮೆ. ಈ ಮಿಶ್ರಣಕ್ಕೆಂದು ಮಾಡಿರದ, 2023ರ ಏಪ್ರಿಲ್‌ಗಿಂತ ಹಳೆಯ ಕಾರಿನವರು ಪೆಟ್ರೋಲ್ ಪೈಪು, ಸೀಲುಗಳಲ್ಲಿ ಬಿರುಕು, ತೇವ, ವಾಸನೆ ಇದೆಯೇ ಎಂದು ಸರ್ವಿಸಿನಲ್ಲಿ ನೋಡಿಸಿ.

ಕೊನೆಗೆ ಘಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. 1,000 ಕೆ.ಜಿ.ಯನ್ನು ಮಂಗಳೂರಿನಿಂದ ಅಷ್ಟು ಮೇಲೆ ಎತ್ತುವುದಕ್ಕೇ, ಮೇಲಿನ ಐದನೇ ಒಂದು ಭಾಗದ ಲೆಕ್ಕದಲ್ಲಿ, ಸುಮಾರು 1.4 ಲೀಟರ್ ಪೆಟ್ರೋಲ್ ಬೇಕು. ‘ಮಂಗಳೂರಿಗೆ ಹೋಗುವಾಗ 22 ಸಿಕ್ಕಿತು’ ಎನ್ನುವವರು ಬರುವಾಗಿನದ್ದನ್ನೂ ಸೇರಿಸಿ ಹೇಳಬೇಕು. ಶಿರಾಡಿ ಇಳಿಯುವಾಗ ಸೆಕೆಂಡ್ ಅಥವಾ ಥರ್ಡ್ ಗೇರಿನಲ್ಲಿ ಕಾಲು ತೆಗೆದು ಇಳಿಯಿರಿ. ಪೆಟ್ರೋಲ್ ಕಟ್ ಆಗಿರುತ್ತದೆ, ಎಂಜಿನ್ನೇ ಕಾರನ್ನು ಹಿಡಿದಿರುತ್ತದೆ, ಡಿಸ್ಕ್ ತಣ್ಣಗಿದ್ದು ತಿರುವಿನಲ್ಲಿ ನಿಜವಾಗಿ ಬೇಕಾದಾಗ ಬ್ರೇಕ್ ಸಿಗುತ್ತದೆ. ಹತ್ತುವಾಗ ಲಾರಿಯ ಬೆನ್ನಿಗೆ ಅಂಟಿಕೊಳ್ಳದೆ ನಾಲ್ಕೈದು ಗಾಡಿಯಷ್ಟು ಅಂತರ ಬಿಡಿ. ಲಾರಿ ತಿರುವಿನಲ್ಲಿ ನಿಧಾನಿಸಿದಾಗ ನೀವು ಫಸ್ಟ್ ಗೇರಿಗೆ ಬೀಳದೆ, ಹಾಫ್ ಕ್ಲಚ್ ಹಿಡಿಯದೆ, ಸೆಕೆಂಡಿನಲ್ಲೇ 2,500 ಆರ್‌ಪಿಎಂ ಆಸುಪಾಸಿನಲ್ಲಿ ಎಳೆದುಕೊಂಡು ಹೋಗಬಹುದು.