ಹಳೇ ಎಚ್‌ಎಂಟಿಗೆ ನೈಲಾನ್ ಬೆಲ್ಟ್ ಹಾಕಿದ ಅನುಭವ

ಬೆಂಗಳೂರಲ್ಲಿ ಮಾರ್ಚ್ ಬಂತು ಅಂದರೆ ಲೆದರ್ ಬೆಲ್ಟಿನ ವಾಚ್ ಕಟ್ಟೋದೇ ಹಿಂಸೆ. ಬೆವರು ಕುಡಿದು ಒಳಭಾಗ ಕಪ್ಪಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ತೂತಿನ ಹತ್ತಿರ ಬಿರುಕು ಬಿಡುತ್ತದೆ. ಸ್ಟೀಲ್ ಚೈನ್ ಹಾಕಿದರೆ ಕೈಮೇಲಿನ ಕೂದಲು ಕೀಳುತ್ತದೆ. ನನ್ನದು ಮಾವನಿಂದ ಬಂದ ಎಚ್‌ಎಂಟಿ ಜವಾನ್. ಕೀ ಕೊಡುವ ವಾಚು, ಡಯಲಿನ ಒಳಸುತ್ತಿನಲ್ಲಿ 13ರಿಂದ 24ರವರೆಗೆ ಅಂಕಿಗಳಿವೆ. ಹೆಸರೂ ಮುಖವೂ ಎರಡೂ ಸಿಪಾಯಿಯವೇ, ಬೆಲ್ಟೂ ಹಾಗೇ ಇರಲಿ ಅಂತ ಬೂದು ಬಣ್ಣದ ನೈಲಾನ್ ಹಾಕಿದೆ. ಎಲ್ಲರೂ ನ್ಯಾಟೋ ಬೆಲ್ಟ್ ಅಂತಾರಲ್ಲ, ಅದೇ.

ಹೆಸರು ಕೇಳಿದರೆ ನ್ಯಾಟೋ ಪಡೆಗಳೆಲ್ಲ ಇದನ್ನೇ ಕಟ್ಟುತ್ತಿದ್ದವು ಅನ್ನಿಸುತ್ತದೆ. ಹಾಗೇನಿಲ್ಲ. ಇದು ಬ್ರಿಟಿಷ್ ರಕ್ಷಣಾ ಇಲಾಖೆಯ ಬೆಲ್ಟು. 1973ರ ನವೆಂಬರ್‌ನಲ್ಲಿ ಅವರು ಡೆಫ್‌ಸ್ಟಾನ್ 66-15 ಅಂತ ಒಂದು ಮಾನದಂಡ ಹೊರಡಿಸಿದರು. ನೈಲಾನ್ ಇರಬೇಕು, 20 ಮಿ.ಮೀ. ಅಗಲ ಇರಬೇಕು, ಬಕಲ್ಲು ರಿಂಗುಗಳು ಕ್ರೋಮ್ ಲೇಪಿಸಿದ ಹಿತ್ತಾಳೆಯವಾಗಿರಬೇಕು, ಬಣ್ಣ ಅಡ್ಮಿರಾಲ್ಟಿ ಗ್ರೇ ಅನ್ನುವ ಬೂದು, ಬೇರೆ ಬಣ್ಣವೇ ಇಲ್ಲ. ಸೈನಿಕನಿಗೆ ಬೆಲ್ಟು ಬೇಕಾದರೆ ಜಿ1098 ಅನ್ನುವ ಫಾರ್ಮ್ ತುಂಬಿ ಉಗ್ರಾಣದಲ್ಲಿ ಕೊಡಬೇಕಿತ್ತು. ಅದಕ್ಕೇ ಹಳಬರು ಇದನ್ನು ಜಿ10 ಅಂತಾರೆ. ಸರಕಿಗೆ 13 ಅಂಕಿಯ ನ್ಯಾಟೋ ಸ್ಟಾಕ್ ನಂಬರ್ ಇತ್ತು, ಮಾರುವವರು ಅದರಲ್ಲಿ ಗತ್ತಿನ ಪದ ಒಂದನ್ನು ಎತ್ತಿಕೊಂಡರು, ಅಷ್ಟೇ. 2001ರ ಪರಿಷ್ಕೃತ ಮಾನದಂಡದಲ್ಲಿ ಅಗಲ 18ಕ್ಕೆ ಇಳಿಯಿತು, ಹಿತ್ತಾಳೆ ಹೋಗಿ ಸ್ಟೇನ್‌ಲೆಸ್ ಸ್ಟೀಲ್ ಬಂತು. ಆಗ ಸೈನ್ಯಕ್ಕೆ ವಾಚ್ ಕೊಡುತ್ತಿದ್ದ ಸಿಡಬ್ಲ್ಯುಸಿ ಕಂಪನಿಯ ವಾಚಿನ ಲಗ್‌ಗಳ (ಬೆಲ್ಟ್ ಕೂರಲು ಕೇಸಿನಿಂದ ಚಾಚಿದ ಕೊಂಬುಗಳ) ನಡುವೆ ಇದ್ದದ್ದೇ 18.

ಇಷ್ಟಕ್ಕೂ ಒಂದೇ ಉದ್ದದ ಪಟ್ಟಿ ಯಾಕೆ, ಲೆದರ್ ಥರ ಎರಡು ತುಂಡು ಮಾಡಬಹುದಿತ್ತಲ್ವಾ? ಸೈನ್ಯದ ವಾಚು ನೋಡಿದರೆ ಉತ್ತರ ಅಲ್ಲೇ ಇದೆ. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸೈನ್ಯಕ್ಕೆ 12 ಕಂಪನಿಗಳು ಮಾಡಿಕೊಟ್ಟ ವಾಚುಗಳಿವೆ, ಸಂಗ್ರಾಹಕರು ಅವನ್ನು ಡರ್ಟಿ ಡಜನ್ ಅಂತಾರೆ. ಅವುಗಳಲ್ಲಿ ಬಹುತೇಕದಕ್ಕೆ ಲಗ್ ನಡುವಿನ ಕಡ್ಡಿಯನ್ನು ತೆಗೆಯೋಕೆ ಬರುವುದೇ ಇಲ್ಲ, ಕೇಸಿಗೇ ಕೂಡಿಸಿಬಿಟ್ಟಿರುತ್ತಾರೆ. ಒತ್ತಿ ತೆಗೆಯುವ ಸ್ಪ್ರಿಂಗ್ ಪಿನ್ ಆದರೆ ಏಟು ಬಿದ್ದಾಗ ಹಾರಿಹೋಗಬಹುದು, ಕೂಡಿಸಿದ ಕಡ್ಡಿ ಹೋಗುವುದಿಲ್ಲ. ಆದರೆ ಅಂಥ ಕಡ್ಡಿಗೆ ಮಾಮೂಲಿ ಬೆಲ್ಟು ಕೂರುವುದಿಲ್ಲ, ಒಂದೇ ಪಟ್ಟಿಯನ್ನು ಎರಡೂ ಕಡ್ಡಿಯ ಒಳಗೆ ತೂರಿಸಿ ಎಳೆಯಬೇಕು. ಹಾಗೆ ಬರೀ ತೂರಿಸಿದ ಪಟ್ಟಿಯ ಮೇಲೆ ವಾಚು ಆಚೆ ಈಚೆ ಜಾರುತ್ತದೆ, ಕೈಯಿಂದ ಬಿಚ್ಚುವಾಗ ಪೂರ್ತಿ ಜಾರಿ ಬೀಳಲೂಬಹುದು. ಅದಕ್ಕೇ ಬಕಲ್ಲಿನ ಹತ್ತಿರ ಇನ್ನೊಂದು ಗಿಡ್ಡ ಪಟ್ಟಿ, ಅದರ ತುದಿಗೆ ಒಂದು ಲೋಹದ ರಿಂಗು. ಉದ್ದ ಪಟ್ಟಿ ಆ ರಿಂಗಿನಲ್ಲೂ ನುಗ್ಗಿ ಬಂದ ಮೇಲೆ ವಾಚು ಇದ್ದ ಜಾಗದಲ್ಲೇ ಇರುತ್ತದೆ.

ನಮ್ಮ ವಾಚಿಗೆ ಇರುವುದು ಸ್ಪ್ರಿಂಗ್ ಪಿನ್ನೇ. ಆದರೂ ಲಾಭ ಇದೆ. ಒಂದು ಪಿನ್ ಕಳಚಿದರೂ ವಾಚು ಇನ್ನೊಂದರಲ್ಲಿ ನೇತಾಡುತ್ತದೆ, ರಸ್ತೆಗೆ ಬೀಳುವುದಿಲ್ಲ. ಎಚ್‌ಎಂಟಿ ಬೆಂಗಳೂರಲ್ಲಿ ಸಿಟಿಜನ್ ಜೊತೆ ಸೇರಿ ವಾಚ್ ಮಾಡೋಕೆ ಶುರು ಮಾಡಿದ್ದು 1961ರಲ್ಲಿ, ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಗಿದ್ದು 2016ರಲ್ಲಿ. ಇಂಥ ಹಳೇ ವಾಚು ಮತ್ತೆ ಸಿಗುವುದು ಕಷ್ಟ, ಇರುವುದನ್ನು ಬೀಳಿಸಿಕೊಳ್ಳೋದು ಬೇಡ ಅಂತ ನನ್ನ ಲೆಕ್ಕ.

ಈಗ ಹಾಕುವ ವಿಷಯ. ಮೊದಲು ಸ್ಕೇಲ್ ಹಿಡಿದು ಎರಡು ಲಗ್‌ಗಳ ಒಳಗಿನ ಅಂತರ ಅಳೆಯಿರಿ. ನನ್ನದು 18. ಇಲ್ಲಿ ಅಂದಾಜು ಬೇಡ, 20ರದ್ದನ್ನು ತುರುಕಿದರೆ ಅಂಚು ಮಡಚಿಕೊಂಡು ಸದಾ ಸುಕ್ಕು. ವಾಚನ್ನು ಬಟ್ಟೆಯ ಮೇಲೆ ಡಯಲ್ ಮೇಲಾಗಿ ಇಟ್ಟುಕೊಳ್ಳಿ. ಬಕಲ್ಲು 12ರ ಕಡೆ ಇರಲಿ. ಉದ್ದ ಪಟ್ಟಿಯ ತುದಿಯನ್ನು 12ರ ಕಡೆಯ ಪಿನ್ನಿನ ಮೇಲಿಂದ ಕೆಳಕ್ಕೆ ಇಳಿಸಿ, ವಾಚಿನ ಬೆನ್ನ ಕೆಳಗೆ ಎಳೆದು, 6ರ ಕಡೆಯ ಪಿನ್ ಒಳಗಿಂದ ಮೇಲಕ್ಕೆ ತನ್ನಿ. ಆಮೇಲೆ ಗಿಡ್ಡ ಪಟ್ಟಿಯನ್ನು ಬೆನ್ನ ಕೆಳಗೆ ಮಡಚಿ, ಅದರ ರಿಂಗಿನೊಳಗೆ ಉದ್ದ ಪಟ್ಟಿಯನ್ನು ಎಳೆದುಬಿಡಿ. ಮುಗಿಯಿತು. ಹಳೇ ಲೆದರ್ ಬೆಲ್ಟ್ ತೆಗೆದು ಪಿನ್ ಕೂರಿಸಿದ್ದರೆ ಆಮೇಲೆ ಯಾವ ಟೂಲೂ ಬೇಡ, ಪಿನ್ ಮುಟ್ಟುವ ಹಾಗೇ ಇಲ್ಲ, ಲಗ್ ಮೇಲೆ ಗೀರು ಬೀಳುವ ಭಯವೂ ಇಲ್ಲ. ನನಗೆ ಜಾಸ್ತಿ ಹಿಡಿಸಿದ್ದೇ ಇದು. ಕಾಫಿ ಆರುವಷ್ಟರಲ್ಲಿ ಬೆಲ್ಟ್ ಬದಲಾಗಿರುತ್ತದೆ.

ಆದರೆ ಹಳೇ ಎಚ್‌ಎಂಟಿಯಲ್ಲಿ ಎರಡು ಕಿರಿಕಿರಿ. ನನ್ನ ವಾಚಿನಲ್ಲಿ ಪಿನ್ನಿಗೂ ಕೇಸಿಗೂ ನಡುವೆ ಸಂದು ಬಹಳ ಸಣ್ಣದು. 1.2 ಮಿ.ಮೀ. ದಪ್ಪದ ಪಟ್ಟಿ ಸ್ವಲ್ಪ ಬಿಗಿಯಾಗಿ ಹೋಗುತ್ತದೆ. ಜುಲು ಅಂತ ಬರುತ್ತಲ್ಲ, ದಪ್ಪ ನೇಯ್ಗೆ, ದೊಡ್ಡ ದುಂಡು ರಿಂಗು, ಅದು ನುಗ್ಗುವುದೇ ಇಲ್ಲ. ಕಾರಿನ ಸೀಟ್ ಬೆಲ್ಟಿನ ನೇಯ್ಗೆಯದ್ದು ಮುಟ್ಟೋಕೆ ರೇಷ್ಮೆ ಥರ ಚೆನ್ನಾಗಿದೆ, ಅದರಲ್ಲೂ ತೆಳುವಾದ್ದನ್ನೇ ಆರಿಸಬೇಕು.

ಇನ್ನೊಂದು, ಎತ್ತರ. ವಾಚಿನ ಕೆಳಗೆ ಎರಡು ಪದರ ನೈಲಾನ್ ಕೂರುವುದರಿಂದ ತೆಳ್ಳಗಿನ ಜವಾನ್ ಕೂಡ ಕೈಮೇಲೆ ಎದ್ದು ನಿಲ್ಲುತ್ತದೆ, ಶರ್ಟಿನ ಕಫ್‌ಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಗಿಡ್ಡ ಪಟ್ಟಿಯನ್ನೇ ಕತ್ತರಿಸಿ ತೆಗೆದೆ. ಅವೆನ್ಯೂ ರೋಡಿನಲ್ಲಿ ವಾಚ್ ರಿಪೇರಿಯವರಿಗೆ ತೋರಿಸಿದಾಗ "ಸಾರ್, ಹೊಸ ಬೆಲ್ಟು ಕೊಯ್ದಿದ್ದೀರಲ್ಲ ಸಾರ್, ಲೆದರ್ ಹಾಕ್ಸಿ ಸುಮ್ನೆ" ಅಂದರು. ಬ್ರಿಟಿಷ್ ಸೈನಿಕ ನೋಡಿದ್ದರೂ ಬೈಯುತ್ತಿದ್ದನೇನೋ. ಆದರೆ ನಾನು ಪ್ಯಾರಾಚೂಟಿನಿಂದ ಹಾರುವವನಲ್ಲ, ಆಫೀಸಿಗೆ ಹೋಗುವವನು. ಬಿಚ್ಚುವಾಗ ವಾಚಿನ ಕೆಳಗೆ ಅಂಗೈ ಹಿಡಿದರೆ ಆಯಿತು. ಕತ್ತರಿಸುವುದಿದ್ದರೆ ಬಕಲ್ಲಿನ ಹತ್ತಿರದ ಜೋಡಣೆಗೆ ತಾಗದ ಹಾಗೆ ಹೊಸ ಬ್ಲೇಡಿನಲ್ಲಿ ಕೊಯ್ಯಿರಿ. ಆಮೇಲೆ ಲೈಟರ್ ಜ್ವಾಲೆಯನ್ನು ಅಂಚಿನ ಹತ್ತಿರ ಒಂದು ಕ್ಷಣ ತನ್ನಿ. ನೈಲಾನ್ ಕರಗಿ ಎಳೆಗಳು ಮುಚ್ಚಿಕೊಳ್ಳುತ್ತವೆ, ನೂಲು ಬಿಚ್ಚಿಕೊಳ್ಳುವುದಿಲ್ಲ. ಜಾಸ್ತಿ ಹೊತ್ತು ಹಿಡಿದರೆ ಕಪ್ಪು ಗಂಟು ಕಟ್ಟಿ ಚರ್ಮಕ್ಕೆ ಚುಚ್ಚುತ್ತದೆ. ಕರಗಿದ್ದನ್ನು ಬೆರಳಿಂದ ಒತ್ತಬೇಡಿ, ಚಮಚದ ಬೆನ್ನಿಂದ ಒತ್ತಿ.

ಬೆಲ್ಟಿನ ಉಳಿದ ತುದಿ, ಅಂದರೆ ಬಾಲದ ವಿಷಯ ರುಚಿಗೆ ಬಿಟ್ಟಿದ್ದು. ಪಟ್ಟಿ ಉದ್ದ ಇರುವುದು ಸಮವಸ್ತ್ರದ ತೋಳಿನ ಮೇಲೂ ಕಟ್ಟಲಿ ಅಂತ ಅನ್ನುತ್ತಾರೆ. ನಮ್ಮ ಕೈಗೆ ಹೆಚ್ಚಾದದ್ದನ್ನು ಹಿಂದಕ್ಕೆ ಮಡಚಿ ರಿಂಗಿಗೆ ಸಿಕ್ಕಿಸುತ್ತಾರೆ. ನನಗೂ ಅದೇ ಇಷ್ಟ, ಮನೆಯಲ್ಲಿ ಮಾತ್ರ "ಏನ್ರೀ ಅದು, ಬಾಲ ಮಡಚ್ಕೊಂಡ ಹಾಗಿದೆ" ಅಂತಾರೆ.

ಬಣ್ಣಕ್ಕೆ ಬಂದರೆ ಬಾಂಡ್ ಹೆಸರು ಬಿಟ್ಟು ಮಾತೇ ಮುಗಿಯುವುದಿಲ್ಲ. 1964ರ ಗೋಲ್ಡ್‌ಫಿಂಗರ್‌ನಲ್ಲಿ ಶಾನ್ ಕಾನರಿ ಕೈಯಲ್ಲಿ ರೋಲೆಕ್ಸ್ ಸಬ್‌ಮರೀನರ್, ಅದಕ್ಕೆ ಪಟ್ಟೆಪಟ್ಟೆಯ ಬಟ್ಟೆಯ ಬೆಲ್ಟು. ಅದೂ ಲಗ್ ಅಂತರಕ್ಕಿಂತ ಕಿರಿದು, ಎರಡೂ ಬದಿ ಪಿನ್ ಕಾಣುತ್ತದೆ. ಬಹಳ ಕಾಲ ಜನ ಅದನ್ನು ಕಪ್ಪು–ಬೂದು ಅಂದುಕೊಂಡು ಹಾಗೇ ಮಾಡಿ ಮಾರಿದರು. ಚಿತ್ರದ ಸ್ವಚ್ಛ ಪ್ರತಿ ಬಂದ ಮೇಲೆ ನೋಡಿದರೆ ಕಡುನೀಲಿಯ ಮೇಲೆ ಕೆಂಪು, ಹಸಿರು ಗೆರೆ! ಚಿತ್ರ ಬಂದದ್ದು 1973ಕ್ಕೂ ಮೊದಲು, ಹಾಗಾಗಿ ಅದು ಜಿ10 ಅಲ್ಲವೇ ಅಲ್ಲ. ಆದರೂ ಅಂಗಡಿಯಲ್ಲಿ ಕೇಳಿ ನೋಡಿ, ಬಾಂಡ್ ನ್ಯಾಟೋ ಅಂತಲೇ ಕೊಡುತ್ತಾರೆ. ನನ್ನ ಕೇಳಿದರೆ ಮೊದಲನೆಯದು ಬೂದೇ ಇರಲಿ. ಬಿಳಿ ಡಯಲು ಕಪ್ಪು ಡಯಲು ಎರಡಕ್ಕೂ ಒಪ್ಪುತ್ತದೆ, ಕೊಳೆ ಬೇಗ ಕಾಣುವುದಿಲ್ಲ. ಚಿನ್ನದ ಬಣ್ಣದ ಕೇಸಿನ ವಾಚಿಗೆ ಮಾತ್ರ ಇದು ಬೇಡ.

ಕೊಳೆ ಕಾಣದಿದ್ದರೂ ವಾಸನೆ ಬರುತ್ತದೆ. ನೈಲಾನ್ ಬೇಗ ಒಣಗುತ್ತದೆ ನಿಜ, ಬೆವರಿನ ಉಪ್ಪು ಮಾತ್ರ ಎಳೆಗಳ ನಡುವೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ವಾಚಿನಿಂದ ತೆಗೆದು ಉಗುರುಬೆಚ್ಚಗಿನ ನೀರು, ಸೋಪು, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ ನೆರಳಲ್ಲಿ ಒಣಗಿಸಿ. ಒದ್ದೆ ಬೆಲ್ಟಿನ ಸಮೇತ ವಾಚ್ ಕಟ್ಟಬೇಡಿ, ಹಳೇ ಎಚ್‌ಎಂಟಿಗೆ ನೀರು ಆಗಿಬರುವುದಿಲ್ಲ. ಹಿಂಬದಿಯ ಮುಚ್ಚಳದ ಅಂಚಿನಲ್ಲಿ ತೇವ ನಿಂತರೆ ತುಕ್ಕು ಶುರು. ಹಾಗೇ ಬೆಲ್ಟ್ ಬಿಚ್ಚಿದ ಹೊತ್ತಲ್ಲೇ ಎರಡೂ ಪಿನ್ನುಗಳನ್ನು ಒತ್ತಿ ನೋಡಿ, ಸ್ಪ್ರಿಂಗ್ ಸಡಿಲ ಅನ್ನಿಸಿದರೆ ರಿಪೇರಿಯವರ ಹತ್ತಿರ 18ರ ಹೊಸ ಜೋಡಿ ಹಾಕಿಸಿ.