ಮೂರನೇ ಗ್ಲಾಸು ಹಸಿರಾಯಿತು

ಗಂಗಾವತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದ್ರಾವಣ ಎಷ್ಟು ಹುಳಿ ಅಂತ ಅಳೆಯುವ ಅಂಕಿ ಪಿಎಚ್. ಅದು 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಪ್ರತ್ಯಾಮ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇಷ್ಟು ಬಾಯಿಪಾಠ. ಆದರೆ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಗ್ಲಾಸು, ಒಂದರ ಪಿಎಚ್ 3, ಇನ್ನೊಂದರದ್ದು 5, ಸಮ ಸಮ ಬೆರೆಸಿದರೆ ಎಷ್ಟು ಅಂತ ಕೇಳಿದರೆ, ಎಲ್ಲರೂ ಒಟ್ಟಿಗೆ "ನಾಕು ರೀ ಸರ್" ಅನ್ನುತ್ತಾರೆ.

ಅದು ತಪ್ಪು. ಪಿಎಚ್ ಲೆಕ್ಕ ನಿಂತಿರುವುದು ಲಾಗ್ (ಲಾಗರಿದಮ್) ಮೇಲೆ, ಅದು ಅವರಿಗೆ ಬರುವುದು ಪಿಯುಸಿಯಲ್ಲಿ. ಸೂತ್ರ ಬರೆಸಿದರೆ ಸುಮ್ನೆ ಬರೆದುಕೊಳ್ಳುತ್ತಾರೆ, ಅಷ್ಟೇ. ಅದಕ್ಕೆ ನಾನು ಗ್ಲಾಸು ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ 0.1 ಮೋಲಾರ್ ಆಮ್ಲ, ಅಂದರೆ ಲೀಟರಿಗೆ 0.1 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ), ಪಿಎಚ್ 1. ಅದರಿಂದ 10 ಮಿಲಿಲೀಟರ್ ತೆಗೆದು, ನೀರು ಸೇರಿಸಿ 100 ಮಾಡಿದರೆ ಪಿಎಚ್ 2. ಅದರಿಂದ ಮತ್ತೆ 10 ತೆಗೆದರೆ 3. ಪ್ರತಿ ಸಲ ಆಮ್ಲ ಹತ್ತರಲ್ಲಿ ಒಂದು ಪಾಲು ಆಗುತ್ತದೆ, ಪಿಎಚ್ ಒಂದೇ ಅಂಕಿ ಏರುತ್ತದೆ. ಆಮ್ಲ ನಾನೇ ಸುರಿಯುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಮೊದಲ ವರ್ಷ ಇದು ಕೆಟ್ಟಿತು. ಎರಡು ಗ್ಲಾಸು ಸರಿಯಾಗಿ ಬಂದವು. ಮೂರನೆಯದಕ್ಕೆ ಪಿಎಚ್ ಪೇಪರ್ ಅದ್ದಿದರೆ ಹಸಿರು! ಆಮ್ಲವೇ ಇಲ್ಲ ಅನ್ನುವ ಹಾಗೆ. ಮಕ್ಕಳು ನನ್ನ ಮುಖ ನೋಡಿದರು. ನಾನು ಬೆರೆಸಿದ್ದು ಶಾಲೆಯ ಬೋರ್‌ವೆಲ್ ನೀರು. ನಮ್ಮ ಕಡೆಯ ಬೋರ್ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅಲ್ವಾ? ಅದರಲ್ಲಿರುವ ಬೈಕಾರ್ಬೊನೇಟ್ ಉಳಿದಿದ್ದ ಚೂರು ಆಮ್ಲವನ್ನು ನುಂಗಿಬಿಟ್ಟಿತ್ತು. ಮೊದಲೆರಡರಲ್ಲಿ ಆಮ್ಲ ಜಾಸ್ತಿ ಇತ್ತು, ಹಾಗಾಗಿ ಗೊತ್ತಾಗಲಿಲ್ಲ. ಈಗ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ಆದರೂ ಒಂದು ಸಾಲು ಬೇಕಂತಲೇ ಬೋರ್ ನೀರಲ್ಲಿ ಮಾಡುತ್ತೇನೆ. ಆಮ್ಲ, ಪ್ರತ್ಯಾಮ್ಲ ಸೇರಿ ಒಂದನ್ನೊಂದು ಕಳೆಯುವ ತಟಸ್ಥೀಕರಣ ಅನ್ನೋದು ಅಲ್ಲಿ ಕಣ್ಣೆದುರಿಗೇ ಕಾಣುತ್ತದೆ.

ಗ್ಲಾಸುಗಳನ್ನು ನೋಡಿದ ಮೇಲೆ "ನಾಕು" ಪ್ರಶ್ನೆಗೆ ವಾಪಸು ಬರುತ್ತೇನೆ. ಪಿಎಚ್ 3ರಲ್ಲಿ ಹೈಡ್ರೋಜನ್ ಅಯಾನು, ಅಂದರೆ ಆಮ್ಲದ ಗುಣ ಕೊಡುವ ಕಣ, 5ರದ್ದರ ನೂರು ಪಟ್ಟು. ಒಬ್ಬನ ಹತ್ತಿರ 100 ರೂಪಾಯಿ, ಇನ್ನೊಬ್ಬನ ಹತ್ತಿರ 1. ಕೂಡಿಸಿ ಹಂಚಿಕೊಂಡರೆ ತಲಾ ಐವತ್ತೂವರೆ. ಅಂದರೆ ಮೊದಲನೆಯವನದ್ದು ಹೆಚ್ಚುಕಡಿಮೆ ಅರ್ಧವಾಯಿತು. ಅರ್ಧವಾದರೆ ಪಿಎಚ್ 0.3 ಏರುತ್ತದೆ, ಉತ್ತರ 3.3. ಈ 0.3 ಒಂದನ್ನು ಮಾತ್ರ ನೆನಪಿಡಿ ಅನ್ನುತ್ತೇನೆ. ಲಾಗ್ 2 ಅಂದರೆ 0.301 ಅಂತ ಮುಂದೆ ಅವರೇ ಗುರುತು ಹಿಡಿಯುತ್ತಾರೆ.

ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಹಿಂಗ ನೀರು ಹಾಕ್ಕೋಂತ ಹೋದ್ರ ಎಂಟನೇ ಗ್ಲಾಸಿಗೆ ಪಿಎಚ್ 8 ಆಗ್ತೈತೇನ್ರಿ?" ಅಂದಳು. ನನಗೆ ಎಷ್ಟು ಖುಷಿಯಾಯಿತು! ಪಿಯುಸಿ ಮಕ್ಕಳೂ ಎಡವುವ ಜಾಗ ಇದು. ಆಮ್ಲಕ್ಕೆ ನೀರು ಸುರಿದರೆ ಅದು ಪ್ರತ್ಯಾಮ್ಲ ಹೇಗಾದೀತು? ನೀರಿಗೆ ತನ್ನದೇ ಹೈಡ್ರೋಜನ್ ಅಯಾನುಗಳಿವೆ, 25 ಡಿಗ್ರಿಯಲ್ಲಿ ಲೀಟರಿಗೆ 0.0000001 ಮೋಲ್. ಎಂಟನೇ ಗ್ಲಾಸಿನ ಆಮ್ಲ ಅದರ ಹತ್ತನೇ ಒಂದು ಪಾಲು. ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಪಿಎಚ್ 6.98.

ಇದನ್ನು ಮಾಡಿ ತೋರಿಸುವವರಿಗೆ ಒಂದು ಮಾತು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗುವುದರಿಂದ ಕೊನೆಯ ಗ್ಲಾಸುಗಳಲ್ಲಿ ಪೇಪರ್ 6ರ ಹತ್ತಿರವೇ ನಿಲ್ಲುತ್ತದೆ. ಮಕ್ಕಳಿಗೆ ಮೊದಲೇ ಹೇಳಿಡಿ.